ಬೆಳ್ಳಿತೆರೆಯ ಮಾವುತ

ಆನೆ, ಅಡವಿ, ಕೋಟೆ, ಕಾಳಗಗಳಿಂದ ಕೂಡಿದ ಹಳೆಯ ಇಂಗ್ಲಿಷ್ ಸಾಹಸಚಿತ್ರಗಳು ಮಕ್ಕಳ ಮನಸ್ಸನ್ನು ಸೆಳೆಯುವುದು ಸಹಜವೇ. ಮಾಸೂರಿನಂಥ ಊರಿನ ಮನೆಗಳಲ್ಲಿಯೂ ಇಂದು ಅವು ಮೊಬೈಲಿನಲ್ಲಿಯೇ ಕಾಣಸಿಗುವುದರಿಂದ, ಅವುಗಳೊಳಗಣ ದೃಷ್ಟಿ ಎಂತಹದೆಂಬುದನ್ನು ಗೃಹಸ್ಥರು ಅರಿತಿರುವುದು ಅವಶ್ಯವೆಂದು ನಮಗೆ ತೋರುತ್ತದೆ.

1937ರಲ್ಲಿ ಹೊರಬಂದ ‘ಎಲಿಫೆಂಟ್ ಬಾಯ್’ ಲಂಡನ್ನಿನ ಕಂಪನಿಯದು, ಕಥೆ ಕಿಪ್ಲಿಂಗನದು, ಅಡವಿ ಮಾತ್ರ ನಮ್ಮ ಮೈಸೂರು ಸೀಮೆಯದು. ಅದರ ಬಾಲನಾಯಕ ಸಾಬು, 1924ರಲ್ಲಿ ಕಾರಾಪುರದಲ್ಲಿ ಜನಿಸಿದ ಮಾವುತನ ಮಗ. ಆನೆಯೊಡನೆ ಅವನ ಸಲಿಗೆ ಅಭಿನಯವಲ್ಲ, ಹುಟ್ಟಿನಿಂದ ಬಂದುದು. ಆದರೆ ಚಿತ್ರದಲ್ಲಿ ಅವನ ತಂದೆಯಾದವನು ವೇಷ ಧರಿಸಿದ ಆಂಗ್ಲ ನಟ! ಆನೆ ನಮ್ಮದು, ಮಗನು ನಮ್ಮವನು. ತಂದೆಯನ್ನು ಮಾತ್ರ ಇಂಗ್ಲೆಂಡಿನಿಂದ ತರಬೇಕಾಯಿತು.

ಮರುವರ್ಷದ ‘ದಿ ಡ್ರಮ್’ ಚಿತ್ರದಲ್ಲಿ ಸಾಬು ವಾಯವ್ಯ ಗಡಿನಾಡಿನ ರಾಜಕುಮಾರ. ಆಂಗ್ಲರ ಮಿತ್ರನಾದುದರಿಂದ ಅವನು ಸಜ್ಜನ. ಅವರನ್ನು ಎದುರಿಸುವ ಚಿಕ್ಕಪ್ಪ ದುಷ್ಟ. ಇದನ್ನು ಕಂಡು ಮುಂಬಯಿಯ ಜನರು 1938ರಲ್ಲಿ ಪ್ರತಿಭಟಿಸಿದರು. 1939ರಲ್ಲಿ ಹಾಲಿವುಡ್ಡಿನಿಂದ ‘ಗಂಗಾ ದಿನ್’ ಬಂದಿತು. ಅದರಲ್ಲಿ ಕಾಳಿಯ ಭಕ್ತರು ಕೊಲೆಗಡುಕರು. ಆಂಗ್ಲರ ದಂಡಿಗೆ ನೀರು ಹೊರುವ ಬಡವನು ಆ ದಂಡಿಗಾಗಿ ಪ್ರಾಣ ತೆತ್ತು, ಸತ್ತ ಮೇಲೆ ಸೈನಿಕನೆನಿಸಿಕೊಳ್ಳುತ್ತಾನೆ. ಆ ಪಾತ್ರಧಾರಿಯೂ ಅಮೆರಿಕದವನೇ. ಬಂಗಾಳ ಮತ್ತು ಮುಂಬಯಿ ಪ್ರಾಂತಗಳಲ್ಲಿ ಅದನ್ನು ನಿಷೇಧಿಸಲಾಯಿತು. ಮಾಸೂರನ್ನೊಳಗೊಂಡ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿಯೇ ಇದ್ದುದನ್ನು ಇಲ್ಲಿ ಸ್ಮರಿಸಬಹುದು.

ಪರರ ಆಳಿಕೆಗೆ ತಲೆಬಾಗಿದವನೇ ಗುಣವಂತ, ತಲೆಯೆತ್ತಿದವನೇ ಖಳ ಎಂಬುದು ಇಂತಹ ಚಿತ್ರಗಳ ನೀತಿ. ಬೋಧೆಯ ರೂಪದಲ್ಲಿ ಬಂದಿದ್ದರೆ ಮಕ್ಕಳು ಇದನ್ನು ಒಪ್ಪುತ್ತಿರಲಿಲ್ಲ; ಕಥೆಯ ಸವಿಯೊಡನೆ ಬಂದುದರಿಂದ ಅರಿಯದೆಯೇ ನುಂಗುತ್ತಾರೆ. ದೇಶ ಸ್ವತಂತ್ರವಾದ ಬಳಿಕವೂ ಈ ಚಾಳಿ ಅಳಿಯಲಿಲ್ಲ. 1984ರ ‘ಟೆಂಪಲ್ ಆಫ್ ಡೂಮ್’ ಮತ್ತೆ ಕಾಳಿಯ ಭಕ್ತರನ್ನೇ ರಾಕ್ಷಸರನ್ನಾಗಿಸಿತು. ಭಾರತ ಸರಕಾರ ಕಥೆಗೆ ಆಕ್ಷೇಪಿಸಿದ್ದರಿಂದ ಅದರ ಚಿತ್ರೀಕರಣ ಶ್ರೀಲಂಕೆಯಲ್ಲಿ ನಡೆಯಿತು.

ಸಾಬು ಹಾಲಿವುಡ್ಡಿಗೆ ಹೋಗಿ 1942ರಲ್ಲಿ ಮೋಗ್ಲಿಯಾದನು, 1944ರಲ್ಲಿ ಅಮೆರಿಕದ ಪ್ರಜೆಯಾದನು, ಮಹಾಯುದ್ಧದಲ್ಲಿ ವಿಮಾನದಳದ ತೋಪುಗಾರನಾಗಿ ಹೋರಾಡಿದನು. ಇಷ್ಟಾದರೂ ಪ್ರಾಯ ಬಂದ ಮೇಲೆ ಅವನಿಗೆ ದೊರೆತವು ಬಹುಮಟ್ಟಿಗೆ ಅಡವಿಯ ಪಾತ್ರಗಳೇ. 1963ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಈ ಚಿತ್ರಗಳನ್ನು ಮನೆಯಿಂದ ಹೊರಗಿಡಬೇಕೆಂದು ನಾವು ಹೇಳುವುದಿಲ್ಲ. ಸಾಬುವಿನ ನಗು, ಆನೆಗಳ ಗಾಂಭೀರ್ಯ ಇಂದಿಗೂ ನೋಡತಕ್ಕವೇ. ಆದರೆ ಹಿರಿಯರು ಮಕ್ಕಳೊಡನೆ ಕುಳಿತು ನೋಡಲಿ. ‘ಆ ನೀರಿನವನು ಪ್ರಾಣ ಕೊಟ್ಟುದು ಯಾರಿಗಾಗಿ?’ ಎಂದು ಕೊನೆಯಲ್ಲಿ ಕೇಳಲಿ. ಉತ್ತರವನ್ನು ಮಕ್ಕಳೇ ಹುಡುಕಿಕೊಂಡಾರು.