ಕಣ ಸರಿ, ಅದರ ಹೊದಿಕೆ ಯಾವುದು?

ಹೋದ ತಿಂಗಳು ಹಾಸನದಿಂದ ಚಿಕ್ಕಮ್ಮ ಫೋನ್ ಮಾಡಿದರು. ಚಿಕ್ಕಪ್ಪನಿಗೆ ಮೂರನೇ ಕೀಮೋ ಆಗಬೇಕಿತ್ತು. ‘ನ್ಯಾನೊ ಔಷಧ ಬಂದಿದೆಯಂತೆ ಕಣೋ, ಕೂದಲೂ ಉದುರಲ್ವಂತೆ. ಸ್ವಲ್ಪ ದಿನ ಕಾಯೋಣ ಅಂತಿದ್ದಾರೆ ಇವರು. ನೀನು ಎಂ.ಟೆಕ್‌ನಲ್ಲಿ ಅದನ್ನೇ ಮಾಡಿದ್ದಲ್ವಾ?’ ಎಂದರು. ಅವರು ಕಳಿಸಿದ ವಾಟ್ಸ್‌ಆ್ಯಪ್ ಸುದ್ದಿಯಲ್ಲಿದ್ದದ್ದು ರಂಧ್ರಯುಕ್ತ ಸಿಲಿಕಾನ್ ಕಣ. ಹೌದು, ಪುಣೆಗೆ ಬಂದು ಕೋಡ್ ಬರೆಯುವ ಮೊದಲು ನಾನು ಅದರ ಹಿಂದೆಯೇ ಬಿದ್ದಿದ್ದೆ.

ವಸ್ತುವೇನೋ ಸೊಗಸಾದದ್ದು. 1956ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸಿಲಿಕಾನಿಗೆ ಹೊಳಪು ಕೊಡಲು ಹೋಗಿ ಆಕಸ್ಮಿಕವಾಗಿ ಸಿಕ್ಕಿದ್ದು. ರಂಧ್ರಗಳಲ್ಲಿ ಔಷಧ ತುಂಬಬಹುದು. ಕಣ ನಿಧಾನವಾಗಿ ಕರಗಿ, ಸಿಲಿಸಿಕ್ ಆಮ್ಲವಾಗಿ ಮೂತ್ರದಲ್ಲಿ ಹೊರಹೋಗುತ್ತದೆ.

ತಕರಾರು ಇರುವುದು ಅದರ ಮೈಮೇಲೆ. ಹೈಡ್ರೊಫ್ಲೋರಿಕ್ ಆಮ್ಲದಲ್ಲಿ ಕೊರೆದ ಹೊಸ ಕಣದ ಮೇಲ್ಮೈ ತುಂಬ ಹೈಡ್ರೋಜನ್. ಅದು ನೀರಿನ ಜೊತೆ ಸುಮ್ಮನಿರುವುದಿಲ್ಲ, ತುಂಬಿದ ಔಷಧವನ್ನೂ ಕೆಡಿಸಬಲ್ಲದು. ಅದಕ್ಕೇ ಕಾಯಿಸಿ ಆಕ್ಸೈಡ್ ಪದರ ಕಟ್ಟುತ್ತಾರೆ, ಇಲ್ಲವೇ ಅಂಡಿಸಿಲೆನಿಕ್ ಆಮ್ಲ ಕೂರಿಸುತ್ತಾರೆ (ನಮ್ಮ ಹರಳೆಣ್ಣೆಯಿಂದಲೇ ಬರುವ ಪದಾರ್ಥ!). ಅಷ್ಟಾದರೂ ರಕ್ತಕ್ಕಿಳಿದ ಕೂಡಲೇ ಪ್ರೋಟೀನುಗಳು ಮುತ್ತುತ್ತವೆ, ಯಕೃತ್ತು, ಗುಲ್ಮಗಳು ಕಣವನ್ನು ಹಿಡಿದುಹಾಕುತ್ತವೆ. ಹೊದಿಕೆ ಗಟ್ಟಿಯಾಯಿತೋ, ಕರಗುವುದೇ ತಡ. 2009ರಲ್ಲಿ ಸ್ಯಾನ್ ಡಿಯಾಗೊದ ಮೈಕೆಲ್ ಸೈಲರ್ ತಂಡ ಡೆಕ್ಸ್‌ಟ್ರಾನ್ ಹೊದಿಸಿ ಕಣಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಿತು. ಆದರೆ ಅದು ಇಲಿಗಳಲ್ಲಿ.

ನ್ಯಾನೊ ಔಷಧವೇ ಸುಳ್ಳೆಂದಲ್ಲ. ಕೊಬ್ಬಿನ ಗುಳ್ಳೆಯೊಳಗೆ ಡಾಕ್ಸೊರೂಬಿಸಿನ್ ತುಂಬಿದ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲೇ ಅನುಮತಿ ಸಿಕ್ಕಿತು. ಅದನ್ನು ಗೆಲ್ಲಿಸಿದ್ದರಲ್ಲೂ ಮೇಲಿನ ಪಿಇಜಿ ಹೊದಿಕೆಯದು ದೊಡ್ಡ ಪಾಲು. ಸುದ್ದಿ ಬರೆಯುವವರು ಆ ಹೊದಿಕೆಯ ಮಾತೇ ಎತ್ತುವುದಿಲ್ಲ. ಪ್ರಯೋಗ ಇಲಿಯ ಮೇಲೋ ಮನುಷ್ಯರ ಮೇಲೋ ಎಂಬುದು ಎಲ್ಲೋ ಕೊನೆಯ ಸಾಲಿನಲ್ಲಿ. ಅದು ಶೀರ್ಷಿಕೆಯಲ್ಲೇ ಇರಬೇಕು ಎಂಬುದು ನನ್ನ ಹಟ. ಅವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ನನ್ನ ಪ್ರಬಂಧದ ಮೊದಲ ಪುಟದಲ್ಲೂ ‘ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕ್ರಾಂತಿ’ ಎಂದೇ ಇದೆ. ನಾನು ಮಾಡಿದ ಕಣಗಳು ಒಂದು ಇಲಿಯ ಮುಖವನ್ನೂ ಕಂಡಿರಲಿಲ್ಲ.

ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಲಿಲ್ಲ. ‘ಅದು ಇನ್ನೂ ಆಸ್ಪತ್ರೆಗೆ ಬಂದಿಲ್ಲ ಚಿಕ್ಕಮ್ಮ, ಡಾಕ್ಟರ್ ಕೊಟ್ಟ ತಾರೀಖು ತಪ್ಪಿಸಬೇಡಿ’ ಎಂದೆ. ಚಿಕ್ಕಪ್ಪ ಹೋಗಿಬಂದರು. ಕೂದಲು ಪೂರ್ತಿ ಉದುರಿದೆ. ಊರಿಗೆ ಬರುವಾಗ ಒಳ್ಳೆಯದೊಂದು ಟೋಪಿ ತರಬೇಕಂತೆ.