ಚಕ್ರ ಹೊಳೆಯಲಿ, ಉಸಿರೂ ಉಳಿಯಲಿ

ಕಳೆದ ಚಳಿಗಾಲದಲ್ಲಿ ನಮ್ಮ ಕಡೆಯ ಯುವಕರೊಬ್ಬರು ಔಷಧಿ ಕೌಂಟರಿಗೆ ಬಂದು ಕೆಮ್ಮಿನ ಸಿರಪ್ ಕೇಳಿದರು. ಮಾತಾಡುವಾಗಲೇ ಉಬ್ಬಸ ಕೇಳಿಸುತ್ತಿತ್ತು. ವಿಚಾರಿಸಿದರೆ, ಹಿಂದಿನ ರಾತ್ರಿ ಕಾರಿನ ನಾಲ್ಕೂ ಅಲಾಯ್ ವೀಲ್‌ಗಳಿಗೆ ರೂಮಿನಲ್ಲೇ ಬಾಗಿಲು ಹಾಕಿಕೊಂಡು ಪೇಂಟ್ ಹೊಡೆದಿದ್ದರು. "ಹೊರಗೆ ಧೂಳು ಅಣ್ಣಾ, ಪೇಂಟ್ ಮೇಲೆ ಕೂರುತ್ತದೆ" ಎಂದರು. ಸಿರಪ್ ಕೊಡದೆ ಎಮರ್ಜೆನ್ಸಿಗೆ ಕಳುಹಿಸಿದೆ.

ಈ ಕೆಲಸವನ್ನು ನಾವೇ ಮಾಡುವುದು ತಪ್ಪಲ್ಲ. ಪಾರ್ಕಿಂಗ್ ಕಟ್ಟೆಗೆ ತಾಗಿ ಗೀರಿದ ವೀಲನ್ನು ತೊಳೆದು, ಜಿಡ್ಡು ತೆಗೆದು, 240ರಿಂದ 400 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ತೆಳುವಾಗಿ ಹೊಡೆದರೆ ಚೆನ್ನಾಗಿಯೇ ಬರುತ್ತದೆ. ಉಳಿದ ದುಡ್ಡು ಊರಿಗೆ ಹೋಗಲಿ. ಬಿರುಕು ಬಿಟ್ಟ ವೀಲಿಗೆ ಮಾತ್ರ ಬಣ್ಣ ಬಳಿದು ಮುಚ್ಚಬೇಡಿ, ಬದಲಾಯಿಸಿ.

ನನ್ನ ತಕರಾರು ಎರಡು ಡಬ್ಬಿಗಳ ಮೇಲೆ.

ಮೊದಲನೆಯದು ಹಾರ್ಡ್‌ನರ್ ಸೇರಿಸುವ '2ಕೆ' ಕ್ಲಿಯರ್ ಕೋಟ್. ಇದರಲ್ಲಿ ಸಾಮಾನ್ಯವಾಗಿ ಐಸೊಸಯನೇಟ್ ಇರುತ್ತದೆ. ಒಮ್ಮೆ ದೇಹಕ್ಕೆ ಅದು ಒಗ್ಗದೆ ಹೋದರೆ, ಮುಂದೆ ಅತ್ಯಲ್ಪ ಪ್ರಮಾಣವೂ ಆಸ್ತಮಾ ಎಬ್ಬಿಸಬಹುದು. ವಾಸನೆ ಬರಲಿಲ್ಲ ಎಂದರೆ ಅಪಾಯವಿಲ್ಲ ಎಂದಲ್ಲ. ಮೂಗಿಗೆ ಕಟ್ಟಿದ ಬಟ್ಟೆಯಾಗಲಿ ಸರ್ಜಿಕಲ್ ಮಾಸ್ಕ್ ಆಗಲಿ ಇದನ್ನು ತಡೆಯದು. ಸ್ಪ್ಲಿಟ್ ಎಸಿ ರೂಮಿನ ಗಾಳಿಯನ್ನೇ ತಿರುಗಿಸುತ್ತದೆ, ಹೊರಗೆ ಹಾಕುವುದಿಲ್ಲ. ಈ ಕೋಟ್ ಪೇಂಟ್ ಬೂತ್ ಇರುವ ಗ್ಯಾರೇಜಿಗೇ ಇರಲಿ. ಮನೆಯಲ್ಲಿ ಮಾಡುವವರು ಹಾರ್ಡ್‌ನರ್ ಇಲ್ಲದ್ದನ್ನು ಕೊಂಡು, ಗಾಳಿ ಕಡಿಮೆ ಇರುವ ಬೆಳಗಿನಲ್ಲಿ ಬಯಲಲ್ಲೇ ಹೊಡೆಯಿರಿ. ಧೂಳು ಕೂತರೆ ಮತ್ತೆ ಉಜ್ಜಬಹುದು.

ಎರಡನೆಯದು ಆಸಿಡ್ ವೀಲ್ ಕ್ಲೀನರ್. ಕೆಲವುಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಕೈಗೆ ತಾಗಿದ ತಕ್ಷಣ ಉರಿಯದೆ, ಗಂಟೆಗಳ ನಂತರ ನೋವು ಶುರುವಾಗಬಹುದು. ಅದು ಚರ್ಮದೊಳಗೆ ಇಳಿದು ರಕ್ತದ ಕ್ಯಾಲ್ಸಿಯಂ ಕಡಿಮೆ ಮಾಡುತ್ತದೆ. ಹೆಚ್ಚಾದರೆ ಹೃದಯದ ಬಡಿತವೇ ತಪ್ಪುತ್ತದೆ. ತಾಗಿದರೆ ಕೂಡಲೇ ಧಾರಾಳ ನೀರಿನಲ್ಲಿ ತೊಳೆದು, ಡಬ್ಬಿ ಸಮೇತ ಆಸ್ಪತ್ರೆಗೆ ಬನ್ನಿ. ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಬೇಕಾಗುತ್ತದೆ. ಆದರೆ ಚಕ್ರ ತೊಳೆಯಲು ಸೋಪಿನ ನೀರು, ಬ್ರಷ್ ಸಾಕಲ್ಲವೇ?

ಇದು ಒಬ್ಬರ ವಿಷಯವೂ ಅಲ್ಲ. ಆ ರೂಮಿನಲ್ಲಿ ಮಲಗುವವರು ನಾಲ್ವರು; ಕಾರು ಒಬ್ಬರದ್ದು. ಅವರಲ್ಲೊಬ್ಬರಿಗೆ ಮೊದಲೇ ಉಬ್ಬಸವಿತ್ತು, ಆದರೂ ಸಂಕೋಚಕ್ಕೆ ಸುಮ್ಮನಿದ್ದರು. ರೂಮ್‌ಮೇಟ್ ಸ್ಪ್ರೇ ಡಬ್ಬಿ ಒಳಗೆ ತಂದರೆ ಬಾಯಿಬಿಟ್ಟು ಬೇಡವೆನ್ನಿ. ಅದರಿಂದ ಸ್ನೇಹ ಕೆಡುವುದಿಲ್ಲ. ಕೆಟ್ಟರೂ ಸರಿಮಾಡಿಕೊಳ್ಳಬಹುದು, ಶ್ವಾಸಕೋಶ ಹಾಗಲ್ಲ.