ಎರಡು ಮೊರದ ಲೆಕ್ಕ

ಗೌರಿ ಹಬ್ಬ ಹತ್ತಿರ ಬಂತೆಂದರೆ ಪುಣೆಯ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಾಗಿನಕ್ಕೆ ಮೊರ ಎಲ್ಲಿ ಸಿಗುತ್ತೆ? ಊರಿಗೆ ಹೊಸದಾಗಿ ಬಂದವರು ಫೋನ್ ಮಾಡಿ ಕೇಳುತ್ತಾರೆ. ನಾನು ವರ್ಷಾನುಗಟ್ಟಲೆಯಿಂದ ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ: "ಬುರುಡ ಆಳಿಗೆ ಹೋಗಿ. ಮೊರ ಅನ್ನಬೇಡಿ, ಸೂಪ ಅನ್ನಿ."

ಬುರುಡ ಅಂದರೆ ನಮ್ಮ ಮೇದಾರ. ಆಳಿ ಅಂದರೆ ಓಣಿ. ಬುಟ್ಟಿ, ಮೊರ, ತಟ್ಟಿ, ಏಣಿ ಎಲ್ಲ ರಸ್ತೆಗೇ ಬಂದು ನಿಂತಿರುತ್ತವೆ. ಕಳೆದ ಹಬ್ಬಕ್ಕೆ ಹೋದಾಗ ಒಬ್ಬ ಅಜ್ಜಿ ಕಾಲಲ್ಲಿ ಸೀಳು ಒತ್ತಿ ಹಿಡಿದು ಹೆಣೆಯುತ್ತಿದ್ದಳು. ನಾನೂ ನನ್ನ ಹೆಂಡತಿಯೂ ಮಾತಾಡಿಕೊಳ್ಳುವುದನ್ನು ಕೇಳಿಸಿಕೊಂಡು ಸೊಲ್ಲಾಪುರದ ಕಡೆಯ ಕನ್ನಡದಲ್ಲಿ "ಯಾವ ಊರ್ರೀ ನಿಮ್ದು?" ಅಂದಳು. ಗೋಡೆಯ ಮೇಲೆ ಮೇದಾರ ಕೇತಯ್ಯನವರ ಪಟ. ಬುಟ್ಟಿ ಹೆಣೆಯುವುದನ್ನೇ ಕಾಯಕ ಮಾಡಿಕೊಂಡು 'ಗವರೇಶ್ವರ' ಅಂಕಿತದಲ್ಲಿ ವಚನ ಬರೆದ 12ನೇ ಶತಮಾನದ ಶರಣ. ಪುಣೆಯ ಓಣಿಯಲ್ಲಿ ಕಲ್ಯಾಣದ ನೆಂಟರು ಸಿಕ್ಕಂತಾಯಿತು.

ಇಷ್ಟಾದರೂ ನಾನು ಮಾಡಿದ್ದೇನು? ಚೌಕಾಸಿ! "ಹೋದ ವರ್ಷಕ್ಕಿಂತ ಜಾಸ್ತಿ ಆಯ್ತಲ್ಲ ಅಜ್ಜಿ" ಅಂದೆ. ಅವಳು ಕೈ ನಿಲ್ಲಿಸದೆ ಹೇಳಿದಳು: "ಮೊರ ನಾ ಮಾಡ್ತೀನ್ರೀ ಸಾಹೇಬ್ರ, ಬಿದಿರು ನಾ ಮಾಡಾಂಗಿಲ್ಲಲ್ಲ."

ಆ ಮಾತು ಮನೆಯವರೆಗೂ ಜೊತೆಗೇ ಬಂತು, ಇನ್ನೂ ಹೋಗಿಲ್ಲ.

ಕರಕುಶಲ ಕಲೆ ಸಾಯುತ್ತಿದೆ ಅಂತ ನಾವೆಲ್ಲ ಆಗಾಗ ಮರುಗುತ್ತೇವೆ. ಪ್ಲಾಸ್ಟಿಕ್ ಬಂತು, ಹುಡುಗರಿಗೆ ಆಸಕ್ತಿಯಿಲ್ಲ, ಕಾಲ ಕೆಟ್ಟಿತು ಅಂತ ಕಾರಣವನ್ನೂ ಕೊಡುತ್ತೇವೆ. ಪ್ಲಾಸ್ಟಿಕ್ಕಿನ ಪಾತ್ರ ಇಲ್ಲವೆನ್ನುವುದಿಲ್ಲ, ನಮ್ಮ ಮನೆಯಲ್ಲೇ ಅಕ್ಕಿ ಆರಿಸಲು ಪ್ಲಾಸ್ಟಿಕ್ ತಟ್ಟೆ ಇದೆ. ಆದರೆ ಅಜ್ಜಿ ಹೇಳಿದ್ದು ಬೇರೆ. ಹೆಣೆಯುವ ಕಸುಬೆಲ್ಲ ಹುಟ್ಟುವುದು ಹುಲ್ಲು ಬೆಳೆಯುವ ಜಾಗದಲ್ಲಿ. ತಾಮ್ರಪರ್ಣಿ ದಂಡೆಯ ಕೋರೈ ಹುಲ್ಲಿನಿಂದ ಪತ್ತಮಡೈ ಚಾಪೆ ಬಂತು. ದೂರದ ಹಂಗೇರಿಯಲ್ಲಿ ತಿಸಾ ನದಿಯ ಜೌಗಿನ ಜೊಂಡಿನಿಂದ ತಾಪೇ ಎಂಬ ಹಳ್ಳಿ ಚಾಪೆಗೆ ಹೆಸರಾಯಿತು. ಹುಲ್ಲು ಕೈಗೆ ಸಿಗದಿದ್ದರೆ ಕೈಯಲ್ಲಿ ಎಂಥ ಕಲೆ ಇದ್ದರೂ ಅಷ್ಟೇ.

ಬಿದಿರೂ ಹುಲ್ಲೇ. ಆದರೆ 1927ರ ಭಾರತೀಯ ಅರಣ್ಯ ಕಾಯ್ದೆ ಅದನ್ನು ಮರದ ಪಟ್ಟಿಗೆ ಸೇರಿಸಿತು. ಮರವಾದ ಮೇಲೆ ಕಡಿಯಲು ಪರವಾನಗಿ, ಸಾಗಿಸಲು ಪರವಾನಗಿ. ಬಡ ಮೇದಾರನಿಗೆ ಹೀಗಾದರೆ ಕಾರ್ಖಾನೆಗೆ? ಪುಣೆಯಲ್ಲೇ ಹುಟ್ಟಿದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ಮತ್ತೆ ಮತ್ತೆ ಬರೆದಿದ್ದಾರೆ. 1950ರ ದಶಕದಲ್ಲಿ ದಾಂಡೇಲಿಯ ಕಾಗದದ ಕಾರ್ಖಾನೆಗೆ ಬಿದಿರು ಸಿಕ್ಕಿದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಕೊಡುತ್ತಿದ್ದದ್ದು ಅದರ ನೂರಾರು ಪಟ್ಟು. ಬಿದಿರು ಬರಿದಾಯಿತೆಂದು ಮೇದಾರರು ದೂರಿದ ಮೇಲೆ, 1970ರ ದಶಕದಲ್ಲಿ ಕರ್ನಾಟಕ ಸರ್ಕಾರ ಗಾಡ್ಗೀಳರಿಂದಲೇ ಅಧ್ಯಯನ ಮಾಡಿಸಿತು. ಬೆಳೆಯಲು ಅಡ್ಡಿ ಅಂತ ಅರಣ್ಯ ಇಲಾಖೆ ಮೆಳೆಯ ಬುಡದ ಮುಳ್ಳನ್ನು ಸವರಿಸುತ್ತಿತ್ತು. ಮುಳ್ಳಿನ ಬೇಲಿ ಹೋದ ಮೇಲೆ ಎಳೆಯ ಕಳಲೆ ದನ, ಮುಳ್ಳುಹಂದಿಗಳ ಪಾಲು. ಇದು ಹಳ್ಳಿಯವರಿಗೆ ಗೊತ್ತಿತ್ತು. ಕೇಳಿದವರಿರಲಿಲ್ಲ.

ನಾನು ಶಾಲೆಯಲ್ಲಿ ಬರೆದ ನೋಟುಬುಕ್ಕಿನ ಹಾಳೆ ಅದೇ ಬಿದಿರಿನದಿರಬಹುದು. ನಾವು ಓದಿ, ಕೆಲಸ ಹಿಡಿದು, ಪುಣೆಗೆ ಬಂದು ಫ್ಲಾಟ್ ಕೊಂಡೆವು. ಮೇದಾರನ ಮಗನಿಗೆ ಬಿದಿರೂ ಸಿಗಲಿಲ್ಲ. ಆ ಲೆಕ್ಕ ನೆನೆದರೆ ಚೌಕಾಸಿ ಮಾಡುವ ಬಾಯಿ ಕಟ್ಟುತ್ತದೆ.

ಈಗ ಕಾನೂನು ಬದಲಾಗಿದೆಯಲ್ಲ ಅನ್ನಬಹುದು. ಹೌದು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದಿತು. 2011ರಲ್ಲಿ ಗಡಚಿರೋಲಿಯ ಮೇಂಢಾ-ಲೇಖಾ ಹಳ್ಳಿ ತನ್ನ ಬಿದಿರನ್ನು ತಾನೇ ಮಾರುವ ಹಕ್ಕು ಪಡೆಯಿತು. 2017ರ ನವೆಂಬರಿನಲ್ಲಿ ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆದರು. ಎಲ್ಲ ಒಳ್ಳೆಯದೇ. ಆದರೆ ಮೊದಲಿನದು ಕಾಡಿನಲ್ಲಿರುವವರಿಗೆ, ಎರಡನೆಯದು ಜಮೀನಿರುವ ರೈತರಿಗೆ. ನಮ್ಮ ಅಜ್ಜಿಗೆ ಕಾಡೂ ಇಲ್ಲ, ಹೊಲವೂ ಇಲ್ಲ. ಅವಳು ವ್ಯಾಪಾರಿಯಿಂದ ಕೊಳ್ಳುವವಳು. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ ಹೆಣೆಯುವವರೂ ಇದ್ದಾರೆ. ಉಪಕರಣಕ್ಕೆ 15,000 ರೂಪಾಯಿವರೆಗೆ, ಸಾಲ 3 ಲಕ್ಷದವರೆಗೆ. ಆದರೆ ಅಜ್ಜಿಯ ಉಪಕರಣ ಒಂದು ಕತ್ತಿ, ಅದು ಅವಳ ಹತ್ತಿರ ಇದೆ. ಬೇಕಿರುವುದು ನ್ಯಾಯವಾದ ದರದಲ್ಲಿ ಹಸಿ ಬಿದಿರು. ಕಾರ್ಖಾನೆಗೆ ವರ್ಷಗಟ್ಟಲೆ ಕರಾರು ಮಾಡಿಕೊಡಲು ಬಂದ ಸರ್ಕಾರಕ್ಕೆ, ಹೆಣೆಯುವವರ ಒಂದು ಸಹಕಾರಿ ಸಂಘಕ್ಕೆ ಅಂಥದೇ ಕರಾರು ಮಾಡಿಕೊಡಲು ಯಾಕೆ ಬರಬಾರದು? ಪ್ರದರ್ಶನ, ಸನ್ಮಾನ, ಶಾಲು ಎಲ್ಲ ಆಮೇಲೆ.

ಸರ್ಕಾರದ ಮಾತು ಬಿಡಿ, ನಮ್ಮದು? ಮಾಲಿನಲ್ಲಿ "ಹ್ಯಾಂಡ್‌ಮೇಡ್" ಚೀಟಿ ಅಂಟಿಸಿದ ಬುಟ್ಟಿಗೆ ಹೇಳಿದಷ್ಟು ಕೊಡುತ್ತೇವೆ. ಹೆಣೆದ ಕೈ ಎದುರಿಗಿದ್ದಾಗ ಮಾತ್ರ ಇಪ್ಪತ್ತು ರೂಪಾಯಿಗೆ ಹಟ ಹಿಡಿಯುತ್ತೇವೆ. ಬಾಗಿನ ಕೊಟ್ಟರೆ ಪುಣ್ಯವಂತೆ. ಹಾಗಾದರೆ ಮೊರ ಕೊಳ್ಳುವಾಗಲೇ ಒಂದಿಷ್ಟು ಪಾಪ ಕಟ್ಟಿಕೊಳ್ಳುವುದು ಯಾವ ಲೆಕ್ಕ?

ಅವತ್ತು ಅಜ್ಜಿ ಹೇಳಿದಷ್ಟೇ ಕೊಟ್ಟು ಎರಡು ಮೊರ ತಂದೆವು. ಬಾಗಿನಕ್ಕಲ್ಲದೆ ಇನ್ನೂ ಒಂದು, ಅಕ್ಕಿ ಆರಿಸಲು, ಈ ಸಲ ತರಬೇಕು. ನೀವೂ ಆ ಕಡೆ ಹೋದರೆ ಕನ್ನಡದಲ್ಲಿ ಒಂದು ಮಾತಾಡಿ ನೋಡಿ. ಮರುಮಾತು ಕನ್ನಡದಲ್ಲೇ ಬಂದರೂ ಬಂದೀತು.